ಮದುವೆಮನೆಯ ಗುಂಪು ಫೋಟೊ: ಹವ್ಯಾಸಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವಂತಕ್ಕೊಂದು ಕ್ಯಾಮೆರಾ ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಬಳಗದ ಮದುವೆಯಲ್ಲಿ ಗುಂಪು ಫೋಟೊ ತೆಗೆಯುವ ಕರೆ ಬಂದೇ ಬರುತ್ತದೆ. ನಾನು ವೃತ್ತಿಯ ಛಾಯಾಗ್ರಾಹಕನಲ್ಲ; ಹಳೇ ಮೈಸೂರು ಮತ್ತು ಮಲೆನಾಡಿನ ಕಡೆಯ ನೆಂಟರಿಷ್ಟರ ಮದುವೆಗಳಲ್ಲಿ ತಪ್ಪು ಮಾಡುತ್ತಲೇ ಈ ಕೆಲಸವನ್ನು ಕಲಿತವನು. ಮಾತಿನ ನಡುವೆ ಮತ್ತು ಪತ್ರಗಳಲ್ಲಿ ನನ್ನನ್ನು ಮತ್ತೆ ಮತ್ತೆ ಕೇಳಲಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಸುಲಭವಾದವು ಮೊದಲು, ಕಷ್ಟದವು ಕೊನೆಗೆ.

## ಒಪ್ಪಿಕೊಳ್ಳುವ ಮುನ್ನ

ಚಿಕ್ಕಮ್ಮನ ಮಗಳ ಮದುವೆ. "ನಿನ್ನ ಹತ್ರ ಒಳ್ಳೇ ಕ್ಯಾಮೆರಾ ಇದೆಯಲ್ಲ, ಮನೆಯವರ ಫೋಟೊ ನೀನೇ ತೆಗೆದುಬಿಡು" ಅಂತಿದ್ದಾರೆ. ಒಪ್ಪಿಕೊಳ್ಳಲಾ?

ಒಪ್ಪಿಕೊಳ್ಳಬಹುದು, ಆದರೆ ಅವರು ಕೇಳುತ್ತಿರುವುದು ಯಾವ ಕೆಲಸವನ್ನು ಎಂಬುದನ್ನು ಮೊದಲು ಬಿಡಿಸಿ ಕೇಳಿಕೊಳ್ಳಬೇಕು. ಧಾರೆ ಎರೆಯುವ ಹೊತ್ತು, ಅಂತರಪಟ ಸರಿಯುವ ಗಳಿಗೆ, ಮಾಂಗಲ್ಯಧಾರಣೆ ಇವೆಲ್ಲ ಮರಳಿ ಬಾರದ ಕ್ಷಣಗಳು. ಅವುಗಳ ಪೂರ್ತಿ ಹೊಣೆಯನ್ನು ಹವ್ಯಾಸಿಯೊಬ್ಬನ ಹೆಗಲಿಗೆ ಹೊರಿಸುವುದು ಮನೆಯವರಿಗೂ ಒಳ್ಳೆಯದಲ್ಲ, ಹವ್ಯಾಸಿಗೂ ಒಳ್ಳೆಯದಲ್ಲ. ಗುಂಪು ಫೋಟೊ ಹಾಗಲ್ಲ. ಒಂದು ಚಿತ್ರ ಕೆಟ್ಟರೆ ಅಲ್ಲೇ ಇನ್ನೊಂದು ತೆಗೆಯಬಹುದು, ಅರ್ಧ ಗಂಟೆ ತಡವಾದರೆ ಊಟದ ನಂತರ ತೆಗೆಯಬಹುದು. ಅಲ್ಲದೆ ಯಾರು ಯಾರಿಗೆ ಏನಾಗಬೇಕು ಎಂಬುದು ಹೊರಗಿನಿಂದ ಬಂದ ವೃತ್ತಿಯವರಿಗೆ ತಿಳಿದಿರುವುದಿಲ್ಲ, ನಿಮಗೆ ತಿಳಿದಿರುತ್ತದೆ. ಈ ಒಂದು ಕಾರಣಕ್ಕೆ ಗುಂಪು ಫೋಟೊದಲ್ಲಿ ಹವ್ಯಾಸಿಯ ಕೈಯೇ ಮೇಲಾಗುವುದೂ ಉಂಟು.

ಒಂದು ನಷ್ಟವನ್ನು ಮಾತ್ರ ಮೊದಲೇ ನೆನಪಿಡಬೇಕು: ತೆಗೆಯುವವರು ಚಿತ್ರದಲ್ಲಿ ಇರುವುದಿಲ್ಲ. ನನ್ನ ಅಕ್ಕನ ಮದುವೆಯ ಒಂದೇ ಒಂದು ಗುಂಪು ಫೋಟೊದಲ್ಲೂ ನಾನಿಲ್ಲ. ನೀವು ನಿಲ್ಲಬೇಕಾದ ಗುಂಪು ಬಂದಾಗ ಬಟನ್ ಒತ್ತಲು ಯಾರಾದರೊಬ್ಬರನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ದುಡ್ಡು ಕೊಟ್ಟು ಫೋಟೊಗ್ರಾಫರ್ ಕರೆಸಿದ್ದಾರೆ. ಅವರ ಜೊತೆ ಜಗಳ ಆಗದ ಹಾಗೆ ನಾನೂ ತೆಗೆಯೋದು ಹೇಗೆ?

ಛತ್ರಕ್ಕೆ ಬಂದ ಕೂಡಲೇ ಅವರನ್ನು ಕಂಡು ಪರಿಚಯ ಹೇಳಿಕೊಳ್ಳಬೇಕು. ಅವರ ಚಿತ್ರ ಮುಗಿಯುವವರೆಗೆ ಕ್ಯಾಮೆರಾ ಎತ್ತುವುದಿಲ್ಲ ಎಂದು ಮಾತು ಕೊಟ್ಟು ಅದನ್ನು ಉಳಿಸಿಕೊಳ್ಳಬೇಕು. ಇದು ಬರಿಯ ಸೌಜನ್ಯದ ಮಾತಲ್ಲ. ಇಬ್ಬರು ಏಕಕಾಲಕ್ಕೆ ತೆಗೆದರೆ ಅರ್ಧ ಜನ ಅತ್ತ, ಅರ್ಧ ಜನ ಇತ್ತ ನೋಡುತ್ತಾರೆ, ಇಬ್ಬರ ಚಿತ್ರವೂ ಕೆಡುತ್ತದೆ. ಇನ್ನೊಂದು ವಿಷಯ ಹೊಸಬರಿಗೆ ತಿಳಿದಿರುವುದಿಲ್ಲ: ವೇದಿಕೆಯ ಎರಡು ಪಕ್ಕದಲ್ಲಿ ಕೊಡೆ ಕಟ್ಟಿ ನಿಲ್ಲಿಸಿದ ದೊಡ್ಡ ಫ್ಲ್ಯಾಷ್‌ಗಳಲ್ಲಿ ಕೆಲವು ಬೇರೆ ಯಾವುದೇ ಫ್ಲ್ಯಾಷಿನ ಬೆಳಕು ಬಿದ್ದರೂ ತಾವಾಗಿ ಹೊತ್ತಿಕೊಳ್ಳುವಂತಹವು. ನಿಮ್ಮ ಪುಟ್ಟ ಫ್ಲ್ಯಾಷ್ ಒಮ್ಮೆ ಮಿಂಚಿದರೆ ಅವರ ದೀಪ ವೃಥಾ ಖಾಲಿಯಾಗಿ, ಮುಂದಿನ ಕ್ಷಣ ಅವರು ಒತ್ತಿದಾಗ ತುಂಬಿಕೊಂಡಿರುವುದಿಲ್ಲ. ಆಗ ಅವರು ಸಿಟ್ಟಾದರೆ ತಪ್ಪು ಅವರದಲ್ಲ.

ಇದಕ್ಕೆ ದೊಡ್ಡ ಕ್ಯಾಮೆರಾನೇ ಬೇಕಾ, ಮೊಬೈಲಲ್ಲಿ ಆಗಲ್ವಾ?

ಹಗಲಿನ ಬೆಳಕಿನಲ್ಲಿ ಹತ್ತು ಹನ್ನೆರಡು ಜನರ ಗುಂಪಿಗೆ ಈಗಿನ ಒಳ್ಳೆಯ ಮೊಬೈಲ್ ಸಾಕು. ಅದರಲ್ಲಿ 0.5 ಎಂದು ತೋರಿಸುವ ಅತಿ ಅಗಲದ ಲೆನ್ಸನ್ನು ಬಳಸದೆ 1 ಅಥವಾ 2 ಎಂದಿರುವುದನ್ನು ಬಳಸಿ ನೀವೇ ಹಿಂದೆ ಸರಿಯಬೇಕು; ಹಿನ್ನೆಲೆಯನ್ನು ಮಸುಕಾಗಿಸುವ ಪೋರ್ಟ್ರೇಟ್ ಸೌಲಭ್ಯವನ್ನು ಮುಚ್ಚಿಡಬೇಕು, ಏಕೆಂದರೆ ಅದು ಮೊಗ್ಗಿನ ಜಡೆಯ ಅಂಚನ್ನೂ ಪೇಟದ ತುರಾಯಿಯನ್ನೂ ಹಿನ್ನೆಲೆಯೆಂದು ತಿಳಿದು ಅಳಿಸಿಹಾಕುವುದುಂಟು. ರಾತ್ರಿಯ ಆರತಕ್ಷತೆಗೆ, ಮೂರು ಸಾಲಿನ ಗುಂಪಿಗೆ, ದೊಡ್ಡದಾಗಿ ಮುದ್ರಿಸಿ ಗೋಡೆಗೆ ಹಾಕುವ ಚಿತ್ರಕ್ಕೆ ಕ್ಯಾಮೆರಾ ಬೇಕು. ಅದು ಹೊಸದಾಗಿರಬೇಕೆಂದಿಲ್ಲ; ಕ್ಯಾಮೆರಾ ಜೊತೆಗೇ ಬರುವ 18ರಿಂದ 55 ಮಿಲಿಮೀಟರಿನ ಸಾಧಾರಣ ಲೆನ್ಸ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಕಾಸು ಖರ್ಚು ಮಾಡುವುದಿದ್ದರೆ ಹೊಸ ಲೆನ್ಸಿಗಿಂತ ಮೊದಲು ಗಟ್ಟಿಯಾದ ಒಂದು ಟ್ರೈಪಾಡ್ ಕೊಳ್ಳಿ.

## ಪಟ್ಟಿ ಮತ್ತು ಹೊತ್ತು

ಯಾರ್ಯಾರ ಜೊತೆ ತೆಗೆಯಬೇಕು ಅಂತ ಮೊದಲೇ ಬರೆದುಕೊಳ್ಳಬೇಕಾ? ಅಲ್ಲಿ ಹೋದಮೇಲೆ ನೋಡಿಕೊಂಡರೆ ಆಗಲ್ವಾ?

ಆಗುವುದಿಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವ ವ್ಯವಧಾನವಿದ್ದರೆ ಇದನ್ನು ಓದಿ. ಗುಂಪು ಫೋಟೊದಲ್ಲಿ ಕ್ಯಾಮೆರಾದ ಕೆಲಸ ಐದು ನಿಮಿಷದ್ದು, ಉಳಿದದ್ದೆಲ್ಲ ಜನರನ್ನು ಸೇರಿಸುವ ಕೆಲಸ. ಮದುವೆಗೆ ಒಂದು ವಾರ ಮುಂಚೆ ಹುಡುಗಿಯ ತಾಯಿಯ ಜೊತೆಯೂ ಹುಡುಗನ ಮನೆಯ ಒಬ್ಬರ ಜೊತೆಯೂ ಕೂತು ಪಟ್ಟಿ ಮಾಡಿಕೊಳ್ಳಬೇಕು. ತಾಯಿಯನ್ನೇ ಏಕೆ ಹೇಳಿದೆನೆಂದರೆ, ಅಪ್ಪಂದಿರು "ಎಲ್ಲರ ಜೊತೆ ಒಂದೊಂದು ತೆಗೆದುಬಿಡಪ್ಪ" ಎಂದು ಮುಗಿಸಿಬಿಡುತ್ತಾರೆ. ಯಾವ ಅತ್ತೆ ಯಾವ ಮದುವೆಯ ಫೋಟೊದಲ್ಲಿ ಬಿಟ್ಟುಹೋಗಿ ಎಷ್ಟು ವರ್ಷ ಮಾತು ಬಿಟ್ಟಿದ್ದರು ಎಂಬ ಲೆಕ್ಕ ಅಮ್ಮಂದಿರ ಬಳಿ ಇರುತ್ತದೆ.

ಪಟ್ಟಿಯ ಕ್ರಮ ಸಾಮಾನ್ಯವಾಗಿ ಹೀಗಿರಲಿ. ಮೊದಲು ಎರಡೂ ಕಡೆಯ ಅಜ್ಜ ಅಜ್ಜಿಯರು, ಏಕೆಂದರೆ ಅವರನ್ನು ಕಾಯಿಸಬಾರದು. ಅನಂತರ ವಧೂವರರ ಜೊತೆ ಇಬ್ಬರ ತಂದೆತಾಯಿ. ಅದಾದಮೇಲೆ ಒಡಹುಟ್ಟಿದವರು ಮತ್ತು ಅವರ ಸಂಸಾರ. ಆಮೇಲೆ ಹುಡುಗಿಯ ಸೋದರಮಾವಂದಿರು, ದೊಡ್ಡಪ್ಪ ಚಿಕ್ಕಪ್ಪಂದಿರ ಮನೆಯವರು, ಹುಡುಗನ ಕಡೆಯ ಇದೇ ಸಾಲು, ಕೊನೆಗೆ ಗೆಳೆಯರು ಮತ್ತು ಕಚೇರಿಯವರು. ಸೋದರಮಾವನನ್ನು ಎತ್ತಿ ಹೇಳುವುದಕ್ಕೆ ಕಾರಣವಿದೆ: ಹೆಣ್ಣನ್ನು ಮಂಟಪಕ್ಕೆ ಕರೆತಂದವನನ್ನು "ಇತರೆ ನೆಂಟರು" ಎಂಬ ಸಾಲಿಗೆ ಸೇರಿಸಿದರೆ ಮದುವೆಮನೆಯಲ್ಲಿ ಅದು ಸಣ್ಣ ಮಾತಾಗಿ ಉಳಿಯುವುದಿಲ್ಲ. ಕಳಸಗಿತ್ತಿಯನ್ನು ಮರೆಯುವವರೂ ಬಹಳ ಮಂದಿ. ಗುಂಪುಗಳ ಸಂಖ್ಯೆ ಹದಿನೈದನ್ನು ದಾಟದಿರಲಿ. ದಾಟಿದರೆ ವಧೂವರರ ನಗು ಬತ್ತಿಹೋಗುತ್ತದೆ.

ಪಟ್ಟಿಯ ಒಂದು ಪ್ರತಿಯನ್ನು ಎಲ್ಲರನ್ನೂ ಹೆಸರು ಹಿಡಿದು ಕರೆಯಬಲ್ಲ, ಗಂಟಲು ಗಟ್ಟಿಯಾಗಿರುವ ನೆಂಟರೊಬ್ಬರ ಕೈಗೆ ಕೊಡಬೇಕು. ಎರಡೂ ಕಡೆಯಿಂದ ಒಬ್ಬೊಬ್ಬರು ಸಿಕ್ಕರೆ ನಿಮ್ಮ ಪುಣ್ಯ.

ಯಾವ ಹೊತ್ತಲ್ಲಿ ತೆಗೆದರೆ ಎಲ್ಲರೂ ಸಿಗ್ತಾರೆ? ಧಾರೆ ಮುಗಿದ ತಕ್ಷಣ ಎಲ್ಲ ಊಟಕ್ಕೆ ಓಡಿಹೋಗ್ತಾರೆ.

ಧಾರೆಯಾಗಿ ಅಕ್ಷತೆ ಬಿದ್ದ ಮೇಲೆ ಜನ ಮೊದಲ ಪಂಕ್ತಿಯ ಕಡೆ ನಡೆಯುವುದನ್ನು ಯಾವ ಛಾಯಾಗ್ರಾಹಕನೂ ತಡೆದದ್ದಿಲ್ಲ, ತಡೆಯಲೂಬಾರದು. ಮಂಟಪದಲ್ಲಿ ಲಾಜಹೋಮ, ಸಪ್ತಪದಿ ಇನ್ನೂ ಬಾಕಿಯಿರುವುದರಿಂದ ವಧೂವರರೂ ಆಗ ಸಿಗುವುದಿಲ್ಲ. ಪುರೋಹಿತರ ಕೆಲಸದ ನಡುವೆ ನುಗ್ಗಿ "ಒಂದೇ ಒಂದು ಫೋಟೊ ಸ್ವಾಮಿ" ಎನ್ನುವುದು ಸಲ್ಲದು.

ಮೂರು ಹೊತ್ತುಗಳು ನನಗೆ ಒದಗಿಬಂದಿವೆ. ಹಿಂದಿನ ಸಂಜೆ ಆರತಕ್ಷತೆ ಇಟ್ಟುಕೊಳ್ಳುವ ಕಡೆ ಅತಿಥಿಗಳ ಸಾಲು ಶುರುವಾಗುವ ಮುಂಚಿನ ಮುಕ್ಕಾಲು ಗಂಟೆ ಎಲ್ಲಕ್ಕಿಂತ ಒಳ್ಳೆಯದು. ಬಟ್ಟೆ ಮುದುಡಿರುವುದಿಲ್ಲ, ಮುಖದಲ್ಲಿ ದಣಿವಿರುವುದಿಲ್ಲ. ಇದಕ್ಕೆ ಅಡ್ಡಿ ಅಲಂಕಾರದ ಕೋಣೆ: ಏಳಕ್ಕೆ ಸಿದ್ಧವಾಗಬೇಕಾದ ಮದುಮಗಳು ಏಳೂವರೆಗೆ ಹೊರಬರುವುದು ವಾಡಿಕೆಯಾದ್ದರಿಂದ, ಆರಕ್ಕೇ ಎಲ್ಲ ಸಿದ್ಧವಿರಬೇಕೆಂದು ಮನೆಯವರಿಗೆ ಹೇಳಿಡಿ. ಎರಡನೆಯದು ಧಾರೆಯ ದಿನ ಹೋಮ ಮುಗಿದು ಭೂಮದ ಊಟಕ್ಕೆ ಕೂರುವ ಮುನ್ನ ಸಿಗುವ ಬಿಡುವು. ಹತ್ತಿರದ ನೆಂಟರು ಆ ಊಟಕ್ಕಾಗಿ ಕಾದೇ ಇರುತ್ತಾರೆ. ಮೂರನೆಯದು ಬೀಗರೂಟದ ದಿನ. ಆ ದಿನ ಯಾರಿಗೂ ಅವಸರವಿರುವುದಿಲ್ಲ. ಹೆಣ್ಣು ಒಪ್ಪಿಸುವ ಶಾಸ್ತ್ರದ ನಂತರಕ್ಕೆ ಮಾತ್ರ ಏನನ್ನೂ ಉಳಿಸಿಕೊಳ್ಳಬೇಡಿ, ಆಗ ಎಲ್ಲರ ಕಣ್ಣೂ ಕೆಂಪಗಿರುತ್ತದೆ.

ಒಂದೊಂದು ಗುಂಪಿಗೆ ಮೂರು ನಿಮಿಷ ಎಂದು ಲೆಕ್ಕ ಹಿಡಿಯಿರಿ. ತೆಗೆಯುವುದಕ್ಕೆ ಅರ್ಧ ನಿಮಿಷ, ಉಳಿದ ಎರಡೂವರೆ ನಿಮಿಷ "ರಾಜು ಎಲ್ಲಿ, ರಾಜು ಎಲ್ಲಿ" ಎಂಬುದಕ್ಕೆ.

## ಕೂರಿಸುವುದು, ನಿಲ್ಲಿಸುವುದು

ಯಾರನ್ನ ಎಲ್ಲಿ ಕೂರಿಸಬೇಕು ಅನ್ನೋದಕ್ಕೆ ಏನಾದರೂ ಕ್ರಮ ಇದೆಯಾ?

ನಮ್ಮ ಮನೆಗಳ ನಡುಮನೆಯಲ್ಲಿ ತೂಗುಹಾಕಿರುವ ಹಳೆಯ ಕಪ್ಪು ಬಿಳುಪು ಚಿತ್ರಗಳನ್ನು ನೋಡಿದರೆ ಕ್ರಮ ಅಲ್ಲೇ ಇದೆ. ಹಿರಿಯರು ಕುರ್ಚಿಯ ಮೇಲೆ, ನಡುವಯಸ್ಸಿನವರು ಅವರ ಹಿಂದೆ ನಿಂತು, ಮಕ್ಕಳು ಮುಂದೆ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ. ಆಗ ಊರಿಗೆ ಕರೆಸಿದ ಸ್ಟುಡಿಯೊದವರು ಶಾಲೆಯಿಂದ ಕುರ್ಚಿ ತರಿಸಿ ಅಳತೆ ಹಿಡಿದು ಕೂರಿಸುತ್ತಿದ್ದರು. 120 ಎಂಬ ಅಗಲ ಫಿಲ್ಮಿನ ಸುರುಳಿಯಲ್ಲಿ ಚೌಕ ಚಿತ್ರಗಳು ಹನ್ನೆರಡು ಮಾತ್ರ ಬರುತ್ತಿದ್ದುದರಿಂದ ಅಳೆಯುವುದಕ್ಕೆ ಹೊತ್ತು ತೆಗೆದುಕೊಂಡು, ಒತ್ತುವುದನ್ನು ಒಮ್ಮೆಯೋ ಎರಡು ಸಲವೋ ಮಾಡುತ್ತಿದ್ದರು. ನಾವು ಅದನ್ನು ತಿರುಗುಮುರುಗು ಮಾಡಿಕೊಂಡಿದ್ದೇವೆ.

ವಧೂವರರು ನಡುವೆ, ಹುಡುಗಿಯ ಕಡೆಯವರು ಹುಡುಗಿಯ ಪಕ್ಕಕ್ಕೆ, ಹುಡುಗನ ಕಡೆಯವರು ಹುಡುಗನ ಪಕ್ಕಕ್ಕೆ, ಸಂಬಂಧ ಹತ್ತಿರವಾದಷ್ಟೂ ನಡುವಿಗೆ ಹತ್ತಿರ. ಹಿಂದಿನ ಸಾಲಿನವರ ಮುಖ ಮುಂದಿನ ಇಬ್ಬರ ತಲೆಗಳ ನಡುವಿನ ಸಂದಿಯಲ್ಲಿ ಬರಬೇಕು. ಎಲ್ಲರೂ ನೇರ ಎದೆ ಕೊಟ್ಟು ನಿಂತರೆ ಒಬ್ಬೊಬ್ಬರಿಗೆ ಅರ್ಧ ಮೀಟರ್ ಜಾಗ ಬೇಕು. ಒಂದು ಭುಜವನ್ನು ಸ್ವಲ್ಪ ಹಿಂದಕ್ಕೆ ಸರಿಸಿ ನಡುವಿನತ್ತ ವಾಲಿ ನಿಂತರೆ ಅಷ್ಟೇ ಜಾಗದಲ್ಲಿ ಇನ್ನೂ ಒಂದಿಬ್ಬರು ಹಿಡಿಸುತ್ತಾರೆ, ನೋಡುವುದಕ್ಕೂ ಲಕ್ಷಣ. ಉದ್ದ ಇರುವವರನ್ನು ಎರಡು ತುದಿಗೆ ಹಾಕಬೇಡಿ.

ನಾನು ಚಿಕ್ಕವನು. ದೊಡ್ಡವರಿಗೆ ಹಿಂಗೆ ನಿಲ್ಲಿ ಹಂಗೆ ನಿಲ್ಲಿ ಅಂತ ಹೇಳೋದು ಹೇಗೆ?

ಹೆಸರಿನಿಂದಲ್ಲ, ಸಂಬಂಧದಿಂದ ಕರೆಯಬೇಕು. "ದೊಡ್ಡಪ್ಪ, ಒಂದು ಹೆಜ್ಜೆ ಈಚೆಗೆ ಬನ್ನಿ", "ಅತ್ತೆ, ಮುಖ ಸ್ವಲ್ಪ ಮೇಲಕ್ಕೆ" ಎಂದರೆ ಯಾರೂ ಬೇಸರಿಸುವುದಿಲ್ಲ. ಬೀಗರ ಕಡೆಯವರಲ್ಲಿ ಸಂಬಂಧ ತಿಳಿಯದವರನ್ನು "ಯಜಮಾನರೇ", "ಅಮ್ಮ" ಎಂದರೆ ಸಾಕು. "ಆ ಹಸಿರು ಸೀರೆಯವರು" ಎಂದು ಬೊಟ್ಟು ಮಾಡಬಾರದು. ಅದೂ ಅಲ್ಲದೆ ಹಸಿರು ಸೀರೆಯುಟ್ಟವರು ಆರು ಜನ ಇರುತ್ತಾರೆ. ಮುಟ್ಟಿ ಸರಿಪಡಿಸುವ ಅಭ್ಯಾಸ ಬೇಡವೇ ಬೇಡ. ಸೆರಗು, ಸರ, ಮುಂದಲೆಯ ಬೈತಲೆಬೊಟ್ಟು ಇವನ್ನು ಸರಿಪಡಿಸಲು ಮನೆಯ ಹೆಣ್ಣುಮಗಳೊಬ್ಬಳನ್ನು ಹತ್ತಿರ ಇಟ್ಟುಕೊಳ್ಳಿ. ಶಾಸ್ತ್ರಕ್ಕೆ ಕೂರಬೇಕಾದವರು ಮಡಿಯಲ್ಲಿದ್ದರೆ ದೂರದಿಂದಲೇ ಮಾತನಾಡಿ. ಮಂಟಪದ ಮೇಲೆ ಚಪ್ಪಲಿ ಹಾಕಿಕೊಂಡು ಹತ್ತುವಂತಿಲ್ಲವಾದ್ದರಿಂದ ಲೇಸು ಕಟ್ಟುವ ಬೂಟು ಆ ದಿನ ಮನೆಯಲ್ಲೇ ಇರಲಿ.

ಅಜ್ಜ ತೀರಿಕೊಂಡಮೇಲೆ ಅಜ್ಜಿ ಮದುವೆ ಫೋಟೊಗೆ ನಿಲ್ಲಲ್ಲ ಅಂತಾರೆ. ಬಲವಂತ ಮಾಡಬಹುದಾ?

ಬಲವಂತ ಮಾಡಬಾರದು, ಬಿಟ್ಟೂ ಬಿಡಬಾರದು. ಗಂಡನನ್ನು ಕಳೆದುಕೊಂಡ ಹೆಂಗಸರು ಶುಭಕಾರ್ಯದಲ್ಲಿ ಮೂಲೆಗೆ ಸರಿದು ಕೂರುವ ರೂಢಿ ಅನೇಕ ಮನೆಗಳಲ್ಲಿ ಇನ್ನೂ ಉಳಿದಿದೆ; ಕೆಲವೊಮ್ಮೆ ಅವರೇ ಸರಿಯುತ್ತಾರೆ, ಕೆಲವೊಮ್ಮೆ ಇತರರ ನೋಟವೇ ಅವರನ್ನು ಸರಿಸುತ್ತದೆ. ಈ ವಿಷಯದಲ್ಲಿ ನನ್ನ ನಿಲುವು ಒಂದೇ. ವೇದಿಕೆಯ ಮೇಲೆ ನಿಂತು ಕೂಗಿ ಕರೆಯದೆ, ಮದುಮಗಳಿಗೆ ಮೊದಲೇ ಹೇಳಿ, ಅವಳೇ ಹೋಗಿ ಅಜ್ಜಿಯ ಕೈಹಿಡಿದು ಕರೆತರುವಂತೆ ಮಾಡಬೇಕು. ಮೊಮ್ಮಗಳು ಕರೆದರೆ ಬಾರದ ಅಜ್ಜಿಯನ್ನು ನಾನು ನೋಡಿಲ್ಲ. ಆಕೆ ವೇದಿಕೆ ಹತ್ತಲು ಒಪ್ಪದಿದ್ದರೆ ವಧೂವರರನ್ನೇ ಆಕೆ ಕೂತಲ್ಲಿಗೆ ಕರೆದೊಯ್ದು, ಎರಡು ಪಕ್ಕದಲ್ಲಿ ಕೂರಿಸಿ ತೆಗೆಯಿರಿ.

ಸಣ್ಣ ಮಕ್ಕಳು ಒಂದು ಕಡೆ ನಿಲ್ಲಲ್ಲ. ಏನು ಮಾಡೋದು?

ಅವರನ್ನು ಕೊನೆಗೆ ಕರೆದು, ಮೊದಲು ಬಿಡಬೇಕು. ದೊಡ್ಡವರೆಲ್ಲ ನಿಂತು ಸಿದ್ಧರಾದ ಮೇಲೆ ಮಕ್ಕಳನ್ನು ಮುಂದೆ ತಂದು ಕೂರಿಸಿ ಕೂಡಲೇ ತೆಗೆಯುವುದು. ಕ್ಯಾಮೆರಾದ ಹಿಂದೆ ನಿಂತು ಮಗುವನ್ನು ನಗಿಸಲು ಹತ್ತು ಜನ ಚಪ್ಪಾಳೆ ತಟ್ಟಿದರೆ ಮಗು ಹತ್ತು ದಿಕ್ಕು ನೋಡುತ್ತದೆ. ಆ ಕೆಲಸಕ್ಕೆ ತಾಯಿಯೊಬ್ಬಳೇ ಸಾಕು, ಅದೂ ಲೆನ್ಸಿನ ನೇರ ಹಿಂದೆ ನಿಂತು.

## ಕ್ಯಾಮೆರಾ ಮತ್ತು ಬೆಳಕು

50 ಎಂಎಂ ಲೆನ್ಸಲ್ಲಿ ಎಫ್ 1.8 ಇಟ್ಟು ತೆಗೆದೆ. ಮುಂದಿನವರು ಚೆನ್ನಾಗಿ ಬಂದರು, ಹಿಂದೆ ನಿಂತವರೆಲ್ಲ ಮಸುಕು. ಯಾಕೆ?

ಹೊಸ ಲೆನ್ಸಿನ ಉತ್ಸಾಹದಲ್ಲಿ ನಾನೂ ಒಂದು ಮದುವೆಯಲ್ಲಿ ಹಿಂದಿನ ಸಾಲನ್ನು ಪೂರ್ತಿ ಮಂಜು ಮಾಡಿದ್ದೇನೆ. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಂಡಿ, ಅಗಲವಾದಷ್ಟೂ ಸ್ಪಷ್ಟವಾಗಿ ಕಾಣುವ ಆಳ ಕಿರಿದಾಗುತ್ತದೆ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಆ ಕಂಡಿ ಅಗಲ. ಎಪಿಎಸ್-ಸಿ ಎಂಬ ಮಧ್ಯಮ ಅಳತೆಯ ಸಂವೇದಕವಿರುವ (ಚಿತ್ರವನ್ನು ಹಿಡಿಯುವ ಚಿಪ್) ಸಾಮಾನ್ಯ ಕ್ಯಾಮೆರಾದಲ್ಲಿ, 50 ಮಿಲಿಮೀಟರ್ ಲೆನ್ಸಿನಿಂದ, 4 ಮೀಟರ್ ದೂರದಲ್ಲಿ ಎಫ್ 1.8 ಇಟ್ಟರೆ ಸ್ಪಷ್ಟತೆಯ ಆಳ ಸುಮಾರು ಒಂದೂವರೆ ಅಡಿ ಮಾತ್ರ. ಕುರ್ಚಿಯಲ್ಲಿ ಕೂತವರ ಮುಖಕ್ಕೂ ಹಿಂದೆ ನಿಂತವರ ಮುಖಕ್ಕೂ ನಡುವಿನ ಅಂತರವೇ ಅದಕ್ಕಿಂತ ಹೆಚ್ಚಿರುತ್ತದೆ.

ಅದೇ ಕ್ಯಾಮೆರಾದಲ್ಲಿ ಲೆನ್ಸನ್ನು 24 ಮಿಲಿಮೀಟರಿಗೆ ಇಟ್ಟು, 5 ಮೀಟರ್ ಹಿಂದೆ ಸರಿದು, ಎಫ್ 5.6 ಇಟ್ಟರೆ ಎರಡೂವರೆ ಮೀಟರಿನಿಂದಾಚೆಗೆ ಎಲ್ಲವೂ ಸ್ಪಷ್ಟ. ಎಫ್ 8 ಅಥವಾ 11ಕ್ಕೆ ಹೋಗಬೇಕೆಂಬ ಹಳೆಯ ಸಲಹೆಯನ್ನು ಛತ್ರದೊಳಗೆ ಪಾಲಿಸುವ ಅಗತ್ಯವಿಲ್ಲ, ಅದರಿಂದ ಬೆಳಕು ವ್ಯರ್ಥವಾಗುತ್ತದೆ ಅಷ್ಟೆ. ಫೋಕಸ್ ಮುಂದಿನ ಸಾಲಿನ ನಡುವೆ ಇರುವವರ ಕಣ್ಣಿನ ಮೇಲಿರಲಿ. ಶಟರ್, ಅಂದರೆ ಬೆಳಕಿಗೆ ಕ್ಯಾಮೆರಾ ತೆರೆದಿರುವ ಹೊತ್ತು, ಸೆಕೆಂಡಿನ 1/100ಕ್ಕಿಂತ ನಿಧಾನವಾಗಬಾರದು. ಟ್ರೈಪಾಡ್ ಕ್ಯಾಮೆರಾವನ್ನು ಹಿಡಿದು ನಿಲ್ಲಿಸುತ್ತದೆಯೇ ಹೊರತು ಚಿಕ್ಕಪ್ಪನನ್ನಲ್ಲ. ಇಷ್ಟಾದ ಮೇಲೆ, ಬೆಳಕಿಗೆ ಸಂವೇದಕದ ಸೂಕ್ಷ್ಮತೆಯನ್ನು ಹೇಳುವ ಐಎಸ್‌ಒ 1600ರ ಆಸುಪಾಸಿಗೆ ಏರಿದರೂ ಹೆದರಬೇಕಿಲ್ಲ. ಸ್ವಲ್ಪ ಕಾಳುಕಾಳಾದ ಚಿತ್ರವನ್ನು ಯಾರೂ ದೂರುವುದಿಲ್ಲ, ಅಲುಗಿದ ಮುಖವನ್ನು ಎಲ್ಲರೂ ದೂರುತ್ತಾರೆ.

ತುದಿಯಲ್ಲಿ ನಿಂತವರು ದಪ್ಪ ಕಾಣಿಸ್ತಾರೆ ಅಂತ ಅತ್ತಿಗೆ ಬೈದರು. ನನ್ನ ತಪ್ಪಾ?

ಲೆನ್ಸಿನ ಅಗಲದ ತಪ್ಪು, ಆದರೆ ಅದನ್ನು ಆರಿಸಿದವರು ನೀವು. ಹತ್ತಿರ ನಿಂತು ಅಗಲದ ಲೆನ್ಸಿನಲ್ಲಿ ತೆಗೆದರೆ ಅಂಚಿನಲ್ಲಿರುವ ಮುಖಗಳು ಪಕ್ಕಕ್ಕೆ ಎಳೆದಂತಾಗುತ್ತವೆ. ಮಿಲಿಮೀಟರ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ನೋಟ ಅಗಲ. ಎಪಿಎಸ್-ಸಿ ಕ್ಯಾಮೆರಾದಲ್ಲಿ 24ರಿಂದ 35ರ ನಡುವೆ, ಅದಕ್ಕಿಂತ ದೊಡ್ಡ ಸಂವೇದಕದ ಪೂರ್ಣ ಚೌಕಟ್ಟಿನ (ಫುಲ್ ಫ್ರೇಮ್) ಕ್ಯಾಮೆರಾದಲ್ಲಿ 35ರಿಂದ 50ರ ನಡುವೆ ಇರಿ. ಎಪಿಎಸ್-ಸಿಯ 24ರಲ್ಲಿ 5 ಮೀಟರ್ ದೂರದಿಂದ ಸುಮಾರು 5 ಮೀಟರ್ ಅಗಲ ಹಿಡಿಯುತ್ತದೆ, ಅಂದರೆ ಸಾಲಿಗೆ ಒಂಬತ್ತು ಹತ್ತು ಜನ. ಹಿಂದೆ ಸರಿಯಲು ಜಾಗವಿಲ್ಲದಿದ್ದರೆ ಮೊದಲ ಎರಡು ಸಾಲು ಕುರ್ಚಿಗಳನ್ನು ತೆಗೆಸಿ, ಸಾಲನ್ನು ಎರಡಾಗಿ ಮಾಡಿ.

ಫ್ಲ್ಯಾಷ್ ಹಾಕಿದರೆ ಮುಂದಿನವರು ಬೆಳ್ಳಗೆ, ಹಿಂದಿನವರು ಕಪ್ಪಗೆ ಬರ್ತಾರೆ. ಪರಿಹಾರ ಏನು?

ಫ್ಲ್ಯಾಷಿನ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಮುಂದಿನ ಸಾಲು 3 ಮೀಟರಿನಲ್ಲಿ, ಹಿಂದಿನದು 4.5 ಮೀಟರಿನಲ್ಲಿ ಇದ್ದರೆ ಹಿಂದಿನವರಿಗೆ ಸಿಗುವುದು ಮುಂದಿನವರಿಗೆ ಸಿಕ್ಕ ಬೆಳಕಿನಲ್ಲಿ ಶೇ 44 ಮಾತ್ರ. ಅದೇ ಗುಂಪಿನಿಂದ ನೀವು 5 ಮೀಟರಿಗೆ ಸರಿದರೆ ಹಿಂದಿನ ಸಾಲು 6.5 ಮೀಟರಿನಲ್ಲಾಗಿ ಶೇ 59 ಸಿಗುತ್ತದೆ. ಹೀಗೆ ಹಿಂದೆ ಸರಿಯುವುದು ಮೊದಲ ಪರಿಹಾರ. ಸಾಲುಗಳನ್ನು ಒತ್ತಾಗಿ ನಿಲ್ಲಿಸುವುದು ಎರಡನೆಯದು. ಚಾವಣಿಗೆ ಬೆಳಕು ಹೊಡೆದು ಪುಟಿಸುವ ಉಪಾಯ ಮನೆಯೊಳಗೆ ಚೆನ್ನ. ಕಲ್ಯಾಣ ಮಂಟಪಗಳ ಎತ್ತರದ, ಬಣ್ಣ ಬಳಿದ ಚಾವಣಿಗೆ ಹೊಡೆದರೆ ಬೆಳಕು ಮರಳುವುದೂ ಇಲ್ಲ, ಮರಳಿದರೆ ಆ ಬಣ್ಣವನ್ನೂ ತರುತ್ತದೆ. ಫ್ಲ್ಯಾಷನ್ನು ಕ್ಯಾಮೆರಾದಿಂದ ಬಿಡಿಸಿ ಎತ್ತರದ ಸ್ಟ್ಯಾಂಡಿನ ಮೇಲಿಟ್ಟರೆ ಬೆಳಕು ಹಿಂದಿನ ಸಾಲಿಗೂ ತಲುಪುತ್ತದೆ, ಕನ್ನಡಕದ ಹೊಳಪೂ ತಪ್ಪುತ್ತದೆ.

ಆರತಕ್ಷತೆ ಫೋಟೊಗಳಲ್ಲಿ ಅಡ್ಡಡ್ಡ ಕಪ್ಪು ಗೆರೆ ಬಂದಿದೆ. ಕ್ಯಾಮೆರಾ ಕೆಟ್ಟಿದೆಯಾ?

ಕೆಟ್ಟಿಲ್ಲ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದಾದ್ದರಿಂದ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಕಣ್ಣಿಗೆ ಕಾಣದ ಆ ಮಿಣುಕು ವೇಗದ ಶಟರಿಗೆ ಕಾಣುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರನ್ನು ಬಿಟ್ಟು ಯಾಂತ್ರಿಕ ಶಟರಿಗೆ ಬದಲಿಸಿ, 1/100 ಇಡಿ. ವಧೂವರರ ಹಿಂದೆ ದೊಡ್ಡ ಎಲ್‌ಇಡಿ ಪರದೆ ಇದ್ದರೆ ಅದರ ಮಿಣುಕು ಬೇರೆ ಲೆಕ್ಕದ್ದು. ಮನೆಯವರ ಫೋಟೊ ಮುಗಿಯುವವರೆಗೆ ಅದನ್ನು ಆರಿಸಿಡುವಂತೆ ನಡೆಸುವವರನ್ನು ಕೇಳಿಕೊಳ್ಳಿ. ಹಾಗೆ ಆರಿಸಿದ ಮೇಲೆ ಚಿತ್ರ ಇನ್ನೂ ಚೆನ್ನಾಗಿರುವುದನ್ನು ಕಂಡು ಕೆಲವರು ಅದನ್ನು ಮತ್ತೆ ಹಚ್ಚಿಸಿಯೇ ಇಲ್ಲ.

ಮನೆ ಮುಂದೆ ಚಪ್ಪರದಲ್ಲಿ ತೆಗೆದದ್ದೆಲ್ಲ ಕಿತ್ತಳೆ ಬಣ್ಣ. ಹೊರಗೆ ಬಿಸಿಲಲ್ಲಿ ತೆಗೆದರೆ ಕಣ್ಣ ಕೆಳಗೆ ಕಪ್ಪು. ಎಲ್ಲಿ ತೆಗೆಯೋದು?

ಕೆಂಪು ಹಳದಿ ಬಟ್ಟೆಯ ಶಾಮಿಯಾನದಿಂದ ಸೋಸಿ ಬಂದ ಬೆಳಕು ಅದೇ ಬಣ್ಣವನ್ನು ಮುಖಕ್ಕೆ ಬಳಿಯುತ್ತದೆ. ಮೊದಲೇ ಅರಿಶಿನ ಹಚ್ಚಿದ ಮದುಮಗಳ ಮುಖವಂತೂ ಆಮೇಲೆ ಎಷ್ಟು ತಿದ್ದಿದರೂ ಹತೋಟಿಗೆ ಬರುವುದಿಲ್ಲ. ತೆಂಗಿನ ಗರಿಯ, ಅಡಕೆ ಸೋಗೆಯ ಚಪ್ಪರದಲ್ಲಿ ಬಣ್ಣದ ಕಾಟವಿಲ್ಲ, ಆದರೆ ಸಂದಿಯಿಂದ ಬಿದ್ದ ಬಿಸಿಲ ಚುಕ್ಕೆಗಳು ಮುಖದ ಮೇಲೆ ಕೂರುತ್ತವೆ. ನಡುಹಗಲಿನ ಬಯಲು ಇವೆರಡಕ್ಕಿಂತ ಕೆಟ್ಟದು. ಏಪ್ರಿಲ್ ಕೊನೆಯ ವಾರದಲ್ಲಿ ಬೆಂಗಳೂರಿನ ಆಸುಪಾಸಿನಲ್ಲಿ ನಡುಹಗಲ ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ, ಹುಬ್ಬಿನ ನೆರಳು ಕಣ್ಣನ್ನೇ ನುಂಗುತ್ತದೆ. ಮದುವೆಗಳು ಹೆಚ್ಚುವುದೂ ಅದೇ ಬೇಸಿಗೆಯಲ್ಲಿ.

ಬೇಕಾದದ್ದು ತೆರೆದ ನೆರಳು: ಮನೆಯ ಜಗುಲಿ, ಛತ್ರದ ಮುಂಬಾಗಿಲ ಮೊಗಸಾಲೆ, ಕಟ್ಟಡದ ನೆರಳು ಬೀಳುವ ಪಕ್ಕ. ಜನ ನೆರಳಿನ ಅಂಚಿನಲ್ಲಿ ಆಕಾಶದ ಕಡೆ ಮುಖ ಮಾಡಿ ನಿಲ್ಲಲಿ. ಬೆಳಗ್ಗೆಯೇ ಹೋಗಿ ಜಾಗ ನೋಡಿಟ್ಟುಕೊಳ್ಳುವುದು ಒಳ್ಳೆಯದು, ಆದರೆ ಒಂಬತ್ತಕ್ಕೆ ನೆರಳಿದ್ದ ಜಾಗದಲ್ಲಿ ಹನ್ನೆರಡಕ್ಕೆ ಬಿಸಿಲಿರುತ್ತದೆ ಎಂಬುದು ಲೆಕ್ಕದಲ್ಲಿರಲಿ.

ಬಿಳಿ ಪಂಚೆ, ಶಲ್ಯದ ನೆರಿಗೆಯೇ ಕಾಣದ ಹಾಗೆ ಬರುತ್ತೆ, ಯಾಕೆ?

ಕ್ಯಾಮೆರಾದ ಸ್ವಯಂಚಾಲಿತ ಬೆಳಕಿನ ಅಳತೆ ಇಡೀ ಚಿತ್ರವನ್ನು ಸರಾಸರಿಗೆ ತರಲು ನೋಡುತ್ತದೆ. ಹಿನ್ನೆಲೆ ಕಪ್ಪಾಗಿದ್ದರೆ ಬಿಳಿ ಬಟ್ಟೆಯನ್ನು ಬೇಕಾದುದಕ್ಕಿಂತ ಬೆಳಗಿಸಿ ಅದರ ಎಳೆಗಳನ್ನು ಕಳೆದುಬಿಡುತ್ತದೆ. ಕೊಡವರ ಮದುವೆಯಲ್ಲಿ ಇದು ಇನ್ನೂ ಕಷ್ಟ: ಮದುಮಗ ಬಿಳಿಯ ಕುಪ್ಯದಲ್ಲಿ (ಉದ್ದನೆಯ ನಿಲುವಂಗಿ), ಸುತ್ತಲಿನ ಗಂಡಸರು ಕಪ್ಪು ಕುಪ್ಯದಲ್ಲಿ. ಅಳತೆಯನ್ನು ಕೈಯಿಂದಲೇ ಇಟ್ಟು, ಬಿಳಿಯ ನೆರಿಗೆ ಕಾಣುವಷ್ಟಕ್ಕೆ ಇಳಿಸಿ, ರಾ ಕಡತದಲ್ಲಿ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಕಡತ) ತೆಗೆದರೆ ಕಪ್ಪನ್ನು ಆಮೇಲೆ ಎತ್ತಿಕೊಳ್ಳಬಹುದು. ಕಳೆದುಹೋದ ಬಿಳಿ ಮರಳಿ ಬಾರದು.

## ಸ್ವಲ್ಪ ಕಷ್ಟದವು

ಎಷ್ಟು ತೆಗೆದರೂ ಯಾರಾದರೂ ಒಬ್ಬರು ಕಣ್ಣು ಮುಚ್ಚಿರ್ತಾರೆ. ಒಂದು ಗುಂಪಿಗೆ ಎಷ್ಟು ಸಲ ಒತ್ತಬೇಕು?

ಇದಕ್ಕೆ ನಿಜವಾಗಿಯೂ ಒಂದು ಲೆಕ್ಕವಿದೆ. ಆಸ್ಟ್ರೇಲಿಯದ ವಿಜ್ಞಾನ ಸಂಶೋಧನೆಯ ಸಿಎಸ್ಐಆರ್‌ಒ ಸಂಸ್ಥೆಯ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಎಂಬವರು ಕಣ್ಣು ಮಿಟುಕಿಸುವ ವೇಗವನ್ನು ಹಿಡಿದು ಇದನ್ನು ಗಣಿಸಿ, 2006ರಲ್ಲಿ ಗಣಿತಕ್ಕೆ ಮೀಸಲಾದ ಇಗ್ ನೊಬೆಲ್ ಪಡೆದರು; ಅದು ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಬಹುಮಾನ. ಇಪ್ಪತ್ತಕ್ಕಿಂತ ಕಡಿಮೆ ಜನರ ಗುಂಪಾದರೆ, ಒಳ್ಳೆಯ ಬೆಳಕಿನಲ್ಲಿ ಜನರ ಸಂಖ್ಯೆಯನ್ನು 3ರಿಂದ, ಮಂದ ಬೆಳಕಿನಲ್ಲಿ 2ರಿಂದ ಭಾಗಿಸಿದರೆ ಬರುವಷ್ಟು ಸಲ ತೆಗೆಯಬೇಕು ಎಂಬುದು ಅವರು ಕೊಟ್ಟ ಸೂತ್ರ. ಹನ್ನೆರಡು ಜನರಿಗೆ ಹಗಲಿನಲ್ಲಿ ನಾಲ್ಕು, ಛತ್ರದೊಳಗೆ ಆರು. ಐವತ್ತು ಜನರ ಗುಂಪಿನಲ್ಲಿ ಎಲ್ಲರ ಕಣ್ಣೂ ತೆರೆದ ಚಿತ್ರದ ಆಸೆಯನ್ನು ಬಿಡುವುದೇ ಲೇಸೆಂದು ಅದೇ ಲೆಕ್ಕ ಹೇಳುತ್ತದೆ.

ನಾನು ಇದಕ್ಕೊಂದು ನಾಟಿ ಉಪಾಯ ಸೇರಿಸುತ್ತೇನೆ. ಎಲ್ಲರಿಗೂ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಒಂದು, ಎರಡು, ಮೂರು ಎಂದಾಗ ತೆರೆಯಲು ಹೇಳುವುದು. ಕಣ್ಣು ತೆರೆದ ಮರುಕ್ಷಣ ಯಾರೂ ಮಿಟುಕಿಸುವುದಿಲ್ಲ, ಜೊತೆಗೆ ಈ ಆಟಕ್ಕೆ ಹಿರಿಯರ ಮುಖದಲ್ಲೂ ನಗು ಬರುತ್ತದೆ.

ಅರವತ್ತು ಜನರ ಪೂರ್ತಿ ವಂಶದ ಫೋಟೊ ಬೇಕು ಅಂತಾರೆ. ಹೇಗೆ ಹಿಡಿಸೋದು?

ಎತ್ತರವನ್ನು ಬಳಸಿ. ಹೆಚ್ಚಿನ ಛತ್ರಗಳಲ್ಲಿ ವೇದಿಕೆಗೆ ಮೂರು ನಾಲ್ಕು ಮೆಟ್ಟಿಲಿರುತ್ತದೆ: ನೆಲದ ಮೇಲೆ ಜಮಖಾನ ಹಾಸಿ ಮಕ್ಕಳು, ಅವರ ಹಿಂದೆ ಕುರ್ಚಿಯಲ್ಲಿ ಹಿರಿಯರು ಮತ್ತು ನಡುವೆ ವಧೂವರರು, ಅವರ ಹಿಂದೆ ನೆಲದ ಮೇಲೆ ನಿಂತವರು, ಮೆಟ್ಟಿಲ ಮೇಲೊಂದು ಸಾಲು, ವೇದಿಕೆಯ ಅಂಚಿನಲ್ಲಿ ಕೊನೆಯ ಸಾಲು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಯಾರನ್ನೂ ಹತ್ತಿಸಬೇಡಿ. ಅಲಂಕಾರದ ಹೂವಿನ ಗೋಡೆ ಇದರಲ್ಲಿ ಕಾಣುವುದಿಲ್ಲ ಎಂದು ಯಾರಾದರೂ ಗೊಣಗಿದರೆ ಗೊಣಗಲಿ. ಅರವತ್ತು ಮುಖಗಳ ಚಿತ್ರದಲ್ಲಿ ಹೂವಿಗೆ ಕೆಲಸವಿಲ್ಲ.

ಇನ್ನೊಂದು ದಾರಿ ನೀವೇ ಮೇಲೆ ಹೋಗುವುದು. ಮೊದಲ ಮಹಡಿಯ ಮೊಗಸಾಲೆಯಿಂದ, ಮನೆಯಾದರೆ ತಾರಸಿಯಿಂದ, ಅಂಗಳದಲ್ಲಿ ನಿಂತವರಿಗೆ ಮುಖವೆತ್ತಿ ನೋಡಲು ಹೇಳಿದರೆ ಯಾರ ತಲೆಯೂ ಯಾರಿಗೂ ಅಡ್ಡವಾಗುವುದಿಲ್ಲ. ಪ್ರತಿಯೊಬ್ಬರಿಗೂ ಒಂದೇ ಸೂಚನೆ ಸಾಕು: "ನಿಮಗೆ ಲೆನ್ಸ್ ಕಾಣುತ್ತಿದ್ದರೆ ಲೆನ್ಸಿಗೆ ನೀವೂ ಕಾಣುತ್ತೀರಿ."

ಇಗರ್ಜಿಯ ಮದುವೆ, ನಿಕಾಹ್‌ಗಳಲ್ಲೂ ಇದೇ ಕ್ರಮ ನಡೆಯುತ್ತಾ?

ನಿಲ್ಲಿಸುವ, ಬೆಳಕು ನೋಡುವ ಕ್ರಮ ಒಂದೇ. ಇಗರ್ಜಿಯಲ್ಲಿ ಪೀಠದ ಬಳಿ ಎಲ್ಲಿಯವರೆಗೆ ಹೋಗಬಹುದು, ಫ್ಲ್ಯಾಷ್ ಹಾಕಬಹುದೇ ಎಂಬುದನ್ನು ಪಾದ್ರಿಗಳನ್ನು ಮುಂಚೆಯೇ ಕೇಳಬೇಕು. ಪೂಜೆ ಮುಗಿದ ಮೇಲೆ ಪೀಠದ ಮೆಟ್ಟಿಲುಗಳು ಗುಂಪಿಗೆ ಒಳ್ಳೆಯ ಜಾಗ. ನಿಕಾಹ್‌ನಲ್ಲಿ ಹೆಂಗಸರು ಗಂಡಸರು ಬೇರೆ ಬೇರೆ ಕೂರುವ ಮನೆಗಳಲ್ಲಿ ಹೆಂಗಸರ ಚಿತ್ರವನ್ನು ಹೆಂಗಸರೇ ತೆಗೆಯುವುದು ಸರಿ, ಆ ಚಿತ್ರಗಳನ್ನು ಯಾರಿಗೆ ಕಳಿಸಬಹುದು ಎಂಬುದನ್ನೂ ಕೇಳಿಯೇ ಕಳಿಸಬೇಕು.

ಒಳ್ಳೆಯ ಚಿತ್ರದಲ್ಲಿ ಮಾವನ ಕಣ್ಣು ಮಾತ್ರ ಮುಚ್ಚಿದೆ. ಬೇರೆ ಚಿತ್ರದಿಂದ ತಲೆ ತಂದು ಅಂಟಿಸಬಹುದಾ?

ಟ್ರೈಪಾಡಿನ ಮೇಲೆ ಕ್ಯಾಮೆರಾ ಕದಲದಂತೆ ಇಟ್ಟು ಬೆನ್ನು ಬೆನ್ನಿಗೆ ತೆಗೆದ ಚಿತ್ರಗಳಾದರೆ ಸುಲಭವಾಗಿ ಮಾಡಬಹುದು, ತಪ್ಪೂ ಅಲ್ಲ. ಎರಡು ಸೆಕೆಂಡಿನ ಅಂತರದಲ್ಲಿ ಅದೇ ಮಾವ ಅಲ್ಲೇ ನಿಂತಿದ್ದರು. ಆ ಹೊತ್ತಿಗೆ ಅಡುಗೆಮನೆಯಲ್ಲಿದ್ದ ಅತ್ತೆಯನ್ನು ಬೇರೆ ದಿನದ ಚಿತ್ರದಿಂದ ತಂದು ಸೇರಿಸುವುದಕ್ಕೆ ನಾನು ಒಪ್ಪುವುದಿಲ್ಲ. ಬಣ್ಣ ಹೊಂದುವುದಿಲ್ಲ ಎಂಬುದೊಂದು ಕಾರಣ; ಕರೆಯದೆ ಬಿಟ್ಟದ್ದು ಅತ್ತೆಗೆ ನೆನಪಿರುತ್ತದೆ ಎಂಬುದು ಇನ್ನೊಂದು.

ತೆಗೆದಾಯಿತು. ಕೊಡುವಾಗ ಏನು ಗಮನಿಸಬೇಕು?

ಮನೆ ಸೇರಿದ ರಾತ್ರಿಯೇ ಎರಡು ಬೇರೆ ಬೇರೆ ಕಡೆ ಪ್ರತಿ ಮಾಡಿ, ಅಲ್ಲಿಯವರೆಗೆ ಕಾರ್ಡಿನಿಂದ ಒಂದನ್ನೂ ಅಳಿಸಬೇಡಿ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಕಳಿಸಿದರೆ ಚಿತ್ರ ಕುಗ್ಗುವುದರಿಂದ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವಿನಲ್ಲಿ ಕೊಡಿ. ಕ್ಯಾಮೆರಾದ ಚಿತ್ರದ ಉದ್ದ ಅಗಲ 3ಕ್ಕೆ 2ರ ಪ್ರಮಾಣದಲ್ಲಿರುವುದರಿಂದ 12ಕ್ಕೆ 18 ಅಂಗುಲ, 8ಕ್ಕೆ 12 ಅಂಗುಲದ ಮುದ್ರಣಕ್ಕೆ ಸರಿಯಾಗಿ ಕೂರುತ್ತದೆ. 8ಕ್ಕೆ 10ರಲ್ಲಿ ಹಾಕಿಸಿದರೆ ತುದಿಯಲ್ಲಿ ನಿಂತವರ ತೋಳು ಕತ್ತರಿಸಿಹೋಗುತ್ತದೆ. ಅದಕ್ಕಾಗಿ ತೆಗೆಯುವಾಗಲೇ ಎರಡು ಪಕ್ಕದಲ್ಲಿ ಒಬ್ಬೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿರಬೇಕು.

ದೊಡ್ಡ ಗುಂಪಿನ ಒಂದು ಚಿತ್ರವನ್ನಾದರೂ ಮುದ್ರಿಸಿ, ಕಟ್ಟು ಹಾಕಿಸುವ ಮುನ್ನ ಅದರ ಹಿಂದೆ ಹೆಸರುಗಳನ್ನು ಬರೆಸಿ: ಮೊದಲ ಸಾಲು ಎಡದಿಂದ ಬಲಕ್ಕೆ, ಆಮೇಲೆ ಎರಡನೆಯದು. ನೀವೇ ಬರೆಯಬೇಡಿ, ಮನೆಯ ಹಿರಿಯರೊಬ್ಬರನ್ನು ಕೂರಿಸಿಕೊಂಡು ಅವರು ಹೇಳಿದಂತೆ ಬರೆಯಿರಿ. ನಮ್ಮ ಮನೆಯ ಹಳೆಯ ಚಿತ್ರವೊಂದರ ಹಿಂದೆ ಹೀಗೆ ಬರೆದದ್ದರಲ್ಲಿ, ಎರಡನೆಯ ಸಾಲಿನ ಬಲತುದಿಯವರ ಹೆಸರಿನ ಬದಲಿಗೆ "ಅಡುಗೆ ಭಟ್ಟರ ತಮ್ಮ, ಕರೆದಿರಲಿಲ್ಲ, ಬಂದು ನಿಂತ" ಎಂದಿದೆ.